ಆರಂಭಶೂರತ್ವವನ್ನು ದಾಟುವುದು: ಮೈಯನ್ನು ಹದಕ್ಕೆ ತಂದು ಹದದಲ್ಲೇ ಉಳಿಸಿಕೊಳ್ಳುವ ಕ್ರಮ

ಮೈ ಇಳಿಸಬೇಕು, ಗಟ್ಟಿಯಾಗಬೇಕು ಎಂದು ನಿಶ್ಚಯಿಸಿದವರು ಮೊದಲು ಹೊಸ ಬೂಟು ಕೊಳ್ಳುತ್ತಾರೆ, ಆಮೇಲೆ ಜಿಮ್ಮಿಗೆ ಒಂದು ವರ್ಷದ ಶುಲ್ಕವನ್ನು ಒಮ್ಮೆಗೇ ಕಟ್ಟುತ್ತಾರೆ. ನಾನು ಎರಡನ್ನೂ ಮಾಡಿದವನೇ. ನಲವತ್ತು ದಾಟಿದ ವರ್ಷ ಮೊದಲ ದಿನವೇ ನೂರು ಬಸ್ಕಿ ಹೊಡೆದು, ಮುಂದಿನ ಮೂರು ದಿನ ಗೋಡೆ ಹಿಡಿದು ಮೆಟ್ಟಿಲಿಳಿದು, ನಾಲ್ಕನೆಯ ದಿನಕ್ಕೆ ವ್ಯಾಯಾಮದ ಮಾತನ್ನೇ ಬಿಟ್ಟಿದ್ದೆ. ಹಿರಿಯರು ಆರಂಭಶೂರತ್ವ ಎಂದು ಕರೆದದ್ದು ಇದನ್ನೇ. ಮೇಜಿನ ಮುಂದೆ ಕುಳಿತು ದುಡಿಯುವ, ವಯಸ್ಸು ಮೂವತ್ತೈದರಿಂದ ಐವತ್ತೈದರ ನಡುವಿರುವ, ಹಿಂದೆ ಒಂದೆರಡು ಸಲವಾದರೂ ಆರಂಭಿಸಿ ಕೈಬಿಟ್ಟಿರುವ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕ್ರಮವನ್ನು ಬರೆದಿದ್ದೇನೆ.

ಹೊರಡುವ ಮುನ್ನ ಎರಡು ಕೆಲಸಗಳಿವೆ. ಎದೆನೋವು, ಅತಿಯಾದ ಏದುಸಿರು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಅಥವಾ ಮಂಡಿಯ ತೊಂದರೆ ಇರುವವರು ವೈದ್ಯರನ್ನು ಕಂಡ ಮೇಲೆಯೇ ಮುಂದುವರಿಯಬೇಕು. ಎರಡನೆಯದಾಗಿ, ಒಂದು ನೋಟುಪುಸ್ತಕದಲ್ಲಿ ತೂಕದ ಜೊತೆಗೆ ಸೊಂಟದ ಸುತ್ತಳತೆಯನ್ನೂ ದಿನಾಂಕ ಹಾಕಿ ಬರೆದಿಡಬೇಕು. ಭಾರತೀಯರ ಮಟ್ಟಿಗೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೆ ಹೊಟ್ಟೆಯ ಬೊಜ್ಜು ಎಂದು ವೈದ್ಯರು ಎಣಿಸುತ್ತಾರೆ. ತೂಕದ ಮುಳ್ಳು ದಿನಕ್ಕೊಂದು ಮಾತಾಡುತ್ತದೆ. ಟೇಪು ಅಷ್ಟು ಚಂಚಲವಲ್ಲ.

ಗುರಿ ಎಷ್ಟಿರಬೇಕೆಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯನ್ನು ಆಧಾರವಾಗಿ ಇಟ್ಟುಕೊಳ್ಳಬಹುದು. ಅದರ ಪ್ರಕಾರ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳಷ್ಟು ಮಧ್ಯಮ ಬಿರುಸಿನ ಚಟುವಟಿಕೆಯನ್ನು ಮಾಡಬೇಕು, ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವನ್ನೂ ಮಾಡಬೇಕು. ನಡೆಯುವಾಗ ಪಕ್ಕದವರೊಡನೆ ಮಾತಾಡಲು ಸಾಧ್ಯವಾಗಿ, ಹಾಡಲು ಮಾತ್ರ ಉಸಿರು ಸಾಲದಿದ್ದರೆ ಅದು ಮಧ್ಯಮ ಬಿರುಸು. ಲಾಲ್‌ಬಾಗಿನಲ್ಲಿ ಬೆಳಿಗ್ಗೆ ಕಾಣುವ ಎಷ್ಟೋ ಗುಂಪುಗಳು ರಾಜಕೀಯವನ್ನು ಸರಾಗವಾಗಿ ಚರ್ಚಿಸುತ್ತ, ನಡುನಡುವೆ ನಿಂತು ವಾದಿಸುತ್ತ ಸಾಗುತ್ತವೆ. ಅದು ಸ್ನೇಹಕ್ಕೆ ಒಳ್ಳೆಯದು, ಹೃದಯಕ್ಕೆ ಸಾಲದು. ಆದರೆ ಈ 150 ನಿಮಿಷವನ್ನು ಮೊದಲ ವಾರವೇ ಮುಟ್ಟಲು ಹೋಗಬಾರದು.

ಇಲ್ಲಿ ಗರಡಿಮನೆಯ ಪದ್ಧತಿಯಿಂದ ಕಲಿಯುವುದಿದೆ. ಮೈಸೂರಿನಂಥ ಊರುಗಳ ಗರಡಿಗಳಲ್ಲಿ ಕುಸ್ತಿ ಕಲಿಯಲು ಬಂದವನ ಮೊದಲ ಪಾಠ ಪಟ್ಟುಗಳದ್ದಲ್ಲ, ಸಾಮಿನದು. ದಂಡ, ಬಸ್ಕಿಗಳನ್ನು ದಿನವೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಮಾಡಿ, ಮೈ ಒಪ್ಪಿದಂತೆ ಎಣಿಕೆಯನ್ನು ಏರಿಸಿಕೊಂಡು ಹೋಗುವುದು ಅಲ್ಲಿಯ ರೀತಿ. ನಮಗೆ ಬೇಕಾದದ್ದು ಪೈಲ್ವಾನರ ಎಣಿಕೆಯಲ್ಲ, ಅವರ ಈ ರೀತಿ. ಆದ್ದರಿಂದ ಮೊದಲ ಎರಡು ವಾರ ದಿನಕ್ಕೆ ಹತ್ತು ನಿಮಿಷದ ಬಿರುಸು ನಡಿಗೆಯನ್ನೂ, ದಿನ ಬಿಟ್ಟು ದಿನ ಐದು ಬಸ್ಕಿ, ಐದು ದಂಡಗಳನ್ನೂ ಮಾತ್ರ ಮಾಡಬೇಕು. ಬಸ್ಕಿಗೆ ಹಿಂದೊಂದು ಗಟ್ಟಿ ಕುರ್ಚಿ ಇಟ್ಟುಕೊಂಡು, ಅದರ ಅಂಚಿಗೆ ಮೈ ತಾಗಿದೊಡನೆ ಎದ್ದರೆ ಸಾಕು. ದಂಡವನ್ನು ನೆಲದ ಮೇಲೆ ಮಾಡದೆ, ಗೋಡೆಗೆ ಎರಡೂ ಅಂಗೈ ಊರಿ ನಿಂತೇ ಮಾಡಬೇಕು. ಮನೆಯವರು ನೋಡಿ ನಗುವಷ್ಟು ಇದು ಚಿಕ್ಕದಾಗಿರಬೇಕು. ರೂಢಿಯಿಲ್ಲದ ಮೈಗೆ ಒಮ್ಮೆಗೇ ಹೆಚ್ಚು ಹೊರೆ ಹಾಕಿದರೆ ನೋವು ಒಂದರಿಂದ ಮೂರು ದಿನಗಳ ನಡುವೆ ಉಲ್ಬಣಿಸುತ್ತದೆ, ಮತ್ತು ಹೆಚ್ಚಿನವರು ಬಿಡುವುದು ಸರಿಯಾಗಿ ಆ ದಿನಗಳಲ್ಲಿಯೇ.

ಹೊತ್ತನ್ನು ಗೊತ್ತುಮಾಡುವಾಗ ಗಡಿಯಾರಕ್ಕಿಂತ ಈಗಾಗಲೇ ಇರುವ ಅಭ್ಯಾಸವನ್ನು ನಂಬುವುದು ಮೇಲು. ‘ಬೆಳಿಗ್ಗೆ ಆರಕ್ಕೆ’ ಎಂದುಕೊಂಡದ್ದು ಆರೂಕಾಲಾಗಿ, ಆಮೇಲೆ ನಾಳೆಯಾಗುತ್ತದೆ. ‘ಹಾಲು ಕಾಯಲು ಇಟ್ಟೊಡನೆ ಬಸ್ಕಿ’, ‘ಮಗುವನ್ನು ಶಾಲೆಯ ವ್ಯಾನು ಹತ್ತಿಸಿದ ಮೇಲೆ ಮನೆಗೆ ಬಾರದೆ ನೇರ ನಡಿಗೆ’ ಎಂದು ಕಟ್ಟಿಕೊಂಡದ್ದು ಉಳಿಯುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಹನ್ನೆರಡು ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಕೆಲಸವೊಂದು ತಾನಾಗಿ ನಡೆಯುವ ಅಭ್ಯಾಸವಾಗಲು ಸಾಮಾನ್ಯವಾಗಿ 66 ದಿನ ಹಿಡಿಯುತ್ತದೆಂದೂ, ಅದು ಮನುಷ್ಯನಿಂದ ಮನುಷ್ಯನಿಗೆ 18ರಿಂದ 254 ದಿನಗಳವರೆಗೆ ಬದಲಾಗಬಹುದೆಂದೂ ಕಂಡುಬಂತು. ಇಪ್ಪತ್ತೊಂದು ದಿನದಲ್ಲಿ ಅಭ್ಯಾಸವಾಗಿಬಿಡುತ್ತದೆ ಎಂಬ ಪ್ರಚಲಿತ ಮಾತನ್ನು ನಂಬಿ, ಇಪ್ಪತ್ತೆರಡನೆಯ ದಿನ ಬೇಸರ ಬಂದಾಗ ತನ್ನಲ್ಲೇ ದೋಷ ಹುಡುಕುವವರಿಗೆ ಇದು ಸಮಾಧಾನ ತರಬೇಕು. ಅದೇ ಅಧ್ಯಯನದ ಇನ್ನೊಂದು ಅಂಶ ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ: ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೇರೂರುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆಯಾಗಲಿಲ್ಲ. ಇದರ ಬಲದ ಮೇಲೆ ನಾನು ಪಾಲಿಸುತ್ತಿರುವುದು ಒಂದೇ ನಿಯಮ. ಒಂದು ದಿನ ತಪ್ಪಬಹುದು, ಬೆನ್ನುಬೆನ್ನಿಗೆ ಎರಡು ದಿನ ತಪ್ಪಬಾರದು. ತಪ್ಪಿದ ದಿನದ ಬಾಕಿಯನ್ನು ಮರುದಿನ ಇಮ್ಮಡಿ ಮಾಡಿ ತೀರಿಸಲು ಹೋಗುವುದೂ ಆರಂಭಶೂರತ್ವದ ಇನ್ನೊಂದು ರೂಪವೇ.

ಮೂರನೆಯ ವಾರದಿಂದ ನಡಿಗೆಗೆ ವಾರಕ್ಕೆ ಐದು ನಿಮಿಷದಂತೆ ಸೇರಿಸಿದರೆ ಆರನೆಯ ವಾರದ ಹೊತ್ತಿಗೆ ದಿನಕ್ಕೆ ಅರ್ಧ ಗಂಟೆಯಾಗುತ್ತದೆ; ವಾರಕ್ಕೆ ಐದು ದಿನ ನಡೆದರೆ 150 ನಿಮಿಷ ತುಂಬಿತು. ಬಸ್ಕಿಯನ್ನು ಹತ್ತಕ್ಕೆ, ಆಮೇಲೆ ನಡುವೆ ಎರಡು ನಿಮಿಷ ಬಿಡುವು ಕೊಟ್ಟು ಹತ್ತರ ಎರಡು ಸರದಿಗೆ ಏರಿಸಿ, ಅದು ಸಲೀಸಾದಾಗ ಕುರ್ಚಿಯನ್ನು ತೆಗೆದುಬಿಡಬೇಕು. ದಂಡವನ್ನು ಗೋಡೆಯಿಂದ ಊಟದ ಮೇಜಿನ ಅಂಚಿಗೆ, ಅಲ್ಲಿಂದ ಮಂಚದ ಅಂಚಿಗೆ, ಕೊನೆಗೆ ನೆಲಕ್ಕೆ ಇಳಿಸಬೇಕು. ಕೈ ಊರುವ ಜಾಗ ತಗ್ಗಿದಷ್ಟೂ ತೋಳಿನ ಮೇಲಿನ ಭಾರ ಹೆಚ್ಚುತ್ತದೆ. ಒಂದು ಮೆಟ್ಟಿಲು ಇಳಿಯಲು ಕೆಲವರಿಗೆ ತಿಂಗಳು ಬೇಕಾಗಬಹುದು, ಅದರಲ್ಲಿ ನಾಚುವಂಥದ್ದೇನೂ ಇಲ್ಲ. ಮೊದಲ ಕೆಲವು ವಾರಗಳಲ್ಲಿ ಬಲ ಬೇಗ ಹೆಚ್ಚಿದಂತೆ ಅನ್ನಿಸುವುದು ಮುಖ್ಯವಾಗಿ ನರಗಳು ಇರುವ ಸ್ನಾಯುವನ್ನೇ ಚೆನ್ನಾಗಿ ಬಳಸಲು ಕಲಿಯುವುದರಿಂದ. ಸ್ನಾಯು ಕಣ್ಣಿಗೆ ಕಾಣುವಂತೆ ಬೆಳೆಯುವುದು ಆಮೇಲಿನ ಮಾತು. ಎರಡು ತಿಂಗಳಾದರೂ ಕನ್ನಡಿ ಏನೂ ಹೇಳದಿದ್ದರೆ ನೋಟುಪುಸ್ತಕವನ್ನು ತೆರೆದು ಮೊದಲ ದಿನದ ಎಣಿಕೆಯನ್ನು ನೋಡಬೇಕು.

ಊಟದ ವಿಷಯದಲ್ಲಿ ಒಂದು ಲೆಕ್ಕವನ್ನು ತಿಳಿದಿದ್ದರೆ ಬಹಳಷ್ಟು ನಿರಾಸೆ ತಪ್ಪುತ್ತದೆ. ಅರ್ಧ ಗಂಟೆಯ ನಡಿಗೆಯಲ್ಲಿ ಸಾಧಾರಣ ಮೈಕಟ್ಟಿನವರು ಖರ್ಚು ಮಾಡುವುದು ಸುಮಾರು 120ರಿಂದ 150 ಕ್ಯಾಲೊರಿ; ನಡಿಗೆ ಮುಗಿಸಿ ದರ್ಶಿನಿಯಲ್ಲಿ ತಿನ್ನುವ ಒಂದು ಮಸಾಲೆ ದೋಸೆ ಇದರ ಎರಡು ಪಟ್ಟನ್ನಾದರೂ ಹಿಂದಿರುಗಿಸುತ್ತದೆ. ದೋಸೆಯನ್ನು ಶಾಶ್ವತವಾಗಿ ತ್ಯಜಿಸುವ ಪ್ರತಿಜ್ಞೆ ಬೇಡ, ಅದನ್ನು ನಡಿಗೆಯ ಬಹುಮಾನವಾಗಿಸದಿದ್ದರೆ ಸಾಕು. ನಮ್ಮ ಊಟದಲ್ಲಿ ಹೆಚ್ಚಾಗಿ ಕೊರೆಬೀಳುವುದು ಪ್ರೋಟೀನು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ವಯಸ್ಕರಿಗೆ ಸೂಚಿಸಿರುವುದು ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ, ಅಂದರೆ 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ. ನೂರು ಗ್ರಾಂ ತೊಗರಿಬೇಳೆಯಲ್ಲಿ ಅಥವಾ ಹುರುಳಿಕಾಳಿನಲ್ಲಿ ಸುಮಾರು 22 ಗ್ರಾಂ ಇರುತ್ತದೆ, ಒಂದು ಮೊಟ್ಟೆಯಲ್ಲಿ ಆರು. ಆದರೆ ಅನ್ನಕ್ಕೆ ಸುರಿದುಕೊಳ್ಳುವ ತಿಳಿಸಾರಿನಲ್ಲಿ ಬೇಳೆಯ ನೆರಳಷ್ಟೇ ಇರುವುದರಿಂದ, ಅನ್ನವನ್ನೋ ಮುದ್ದೆಯನ್ನೋ ಸ್ವಲ್ಪ ಕಡಿಮೆ ಮಾಡಿ ಗಟ್ಟಿಯಾದ ಹುಳಿ, ಉಸಲಿ, ಮೊಸರುಗಳನ್ನು ಹೆಚ್ಚಿಸುವುದು ಹೊಸ ಆಹಾರಪದ್ಧತಿಯನ್ನೇ ತರುವುದಕ್ಕಿಂತ ಸುಲಭ.

ಅಡ್ಡಿಗಳು ಬರುವುದು ಖಚಿತವಾದ್ದರಿಂದ ಅವುಗಳಿಗೆ ಮೊದಲೇ ಉತ್ತರವನ್ನು ಬರೆದಿಡಬೇಕು. ಮಲೆನಾಡು, ಕರಾವಳಿಗಳಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಹೊರಗಿನ ನಡಿಗೆ ನೆಚ್ಚಿಕೊಳ್ಳುವಂಥದ್ದಲ್ಲ. ಆ ತಿಂಗಳುಗಳಿಗೆ ಜಗಲಿಯ ಮೇಲಿನ ಸೂರ್ಯನಮಸ್ಕಾರವನ್ನೋ ಮೆಟ್ಟಿಲು ಹತ್ತಿಳಿಯುವುದನ್ನೋ ಗೊತ್ತುಮಾಡಿಕೊಳ್ಳಬಹುದು. ಗೌರಿ ಗಣೇಶ ಹಬ್ಬದಿಂದ ದೀಪಾವಳಿಯವರೆಗಿನ ದಿನಗಳಿಗೂ, ಮದುವೆಗೆಂದು ಊರಿಗೆ ಹೋದ ದಿನಗಳಿಗೂ ಐದು ನಿಮಿಷದಲ್ಲಿ ಮುಗಿಯುವ ಕನಿಷ್ಠ ಪ್ರಮಾಣವೊಂದು ಇರಬೇಕು. ನೆಂಟರ ಮನೆಯ ಹಿತ್ತಿಲಿನಲ್ಲಿ ಹೊಡೆದ ಹತ್ತು ಬಸ್ಕಿಯನ್ನೂ ಪುಸ್ತಕದಲ್ಲಿ ಬರೆಯಬೇಕು.

ಬೇಕಾದ ಹದ ಬಂದ ಮೇಲೆ ಅದನ್ನು ಉಳಿಸಿಕೊಳ್ಳಲು ಗಳಿಸುವಾಗ ಪಟ್ಟಷ್ಟು ಶ್ರಮ ಬೇಕಾಗುವುದಿಲ್ಲ. ಕೆಲಸ ಹೆಚ್ಚಿದ ತಿಂಗಳುಗಳಲ್ಲಿ ವ್ಯಾಯಾಮದ ದಿನಗಳನ್ನು ಎರಡಕ್ಕೆ ಇಳಿಸಿದರೂ, ಬಿರುಸನ್ನು ಮಾತ್ರ ತಗ್ಗಿಸದಿದ್ದರೆ, ಗಳಿಸಿದ ದಮ್ಮು ಮತ್ತು ಬಲ ಕೆಲವು ತಿಂಗಳುಗಳವರೆಗೆ ಹೆಚ್ಚುಕಡಿಮೆ ಉಳಿಯುತ್ತವೆ. ಪೂರ್ತಿ ನಿಲ್ಲಿಸಿದರೆ ಮಾತ್ರ ಎರಡು ಮೂರು ವಾರಗಳಲ್ಲೇ ದಮ್ಮು ಇಳಿಯತೊಡಗುತ್ತದೆ. ಬಲ ಅದಕ್ಕಿಂತ ನಿಧಾನವಾಗಿ ಕರಗುತ್ತದೆ. ಜ್ವರವೋ ಪ್ರಯಾಣವೋ ಬಂದು ಮೂರು ವಾರ ತಪ್ಪಿದವರು, ಮೈ ಪೂರ್ತಿ ಚೇತರಿಸಿಕೊಂಡ ಮೇಲೆ, ಪುಸ್ತಕದಲ್ಲಿರುವ ಕೊನೆಯ ಎಣಿಕೆಯ ಅರ್ಧದಿಂದ ಆರಂಭಿಸಿ ಎರಡು ವಾರಗಳಲ್ಲಿ ಹಳೆಯ ಮಟ್ಟಕ್ಕೆ ಬರಬೇಕು. ಟೇಪನ್ನು ತಿಂಗಳ ಮೊದಲ ಭಾನುವಾರ ಮಾತ್ರ ಹೊರತೆಗೆದರೆ ಸಾಕು.