ಹೆಬ್ಬೆರಳ ಕೀಲು ತಪ್ಪಿದರೆ ಎಳೆಯಬೇಡಿ

ಕಬಡ್ಡಿ ಆಡುವಾಗಲೋ, ಕ್ಯಾಚ್ ಹಿಡಿಯುವಾಗಲೋ, ಬೈಕಿಂದ ಬಿದ್ದು ಕೈ ಊರಿದಾಗಲೋ ಹೆಬ್ಬೆರಳು ಹಿಂದಕ್ಕೆ ಬಾಗಿ ಕೀಲು ತಪ್ಪುತ್ತದೆ. ಆಗ ಪಕ್ಕದಲ್ಲಿದ್ದ ಯಾರಾದರೂ "ಕೊಡಿಲ್ಲಿ, ಒಂದ್ಸಲ ಎಳೆದ್ರೆ ಕೂತ್ಕೊಳ್ಳುತ್ತೆ" ಅಂತ ಕೈ ಚಾಚುತ್ತಾರೆ. ದಯವಿಟ್ಟು ಕೊಡಬೇಡಿ.

ಹೆಚ್ಚಾಗಿ ತಪ್ಪುವುದು ಬೆರಳು ಅಂಗೈಗೆ ಸೇರುವ ಜಾಗದ ಗೆಣ್ಣು. ಅದರ ಅಂಗೈ ಬದಿಗೆ ಗಟ್ಟಿಯಾದ ಒಂದು ಪದರ ಇರುತ್ತದೆ, ಬೆರಳು ಜಾಸ್ತಿ ಹಿಂದಕ್ಕೆ ಬಾಗದಂತೆ ತಡೆಯುವುದು ಅದೇ. ಕೀಲು ತಪ್ಪಿದಾಗ ಅದು ಹರಿದಿರುತ್ತದೆ. ನೇರವಾಗಿ ಎಳೆದರೆ ಎರಡು ಮೂಳೆಗಳ ನಡುವೆ ಸಂದು ಬಿಟ್ಟು, ಹರಿದ ಪದರ ಒಳಗೆ ಸಿಕ್ಕಿಕೊಳ್ಳಬಹುದು. ಆಮೇಲೆ ಸುಮ್ನೆ ಕೂರಿಸಲು ಆಗುವುದಿಲ್ಲ, ಆಪರೇಷನ್ ಬೇಕಾಗಬಹುದು. ಡಾಕ್ಟರು ಜಗ್ಗುವುದಿಲ್ಲ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಮಣಿಕಟ್ಟು ಬಗ್ಗಿಸಿ ಬಿಗಿ ಸಡಿಲಿಸಿ, ತಪ್ಪಿದ ಮೂಳೆಯ ಬುಡವನ್ನು ಹಿಂದಿನಿಂದ ತಳ್ಳಿ ಜಾಗಕ್ಕೆ ಜಾರಿಸುತ್ತಾರೆ.

ಬೆರಳು ಸೊಟ್ಟಗಾಗಿ, ಗೆಣ್ಣಿನ ಹತ್ತಿರ ಮೂಳೆ ಉಬ್ಬಿ, ಅಲ್ಲಾಡಿಸಲು ಆಗದಿದ್ದರೆ ಉಳುಕು ಅಂದುಕೊಳ್ಳಬೇಡಿ. ಅಂಗೈ ಬದಿಯ ಚರ್ಮದಲ್ಲಿ ಗುಳಿ ಬಿದ್ದಿದ್ದರೆ ಒಳಗೆ ಏನೋ ಸಿಕ್ಕಿಕೊಂಡಿದೆ ಅಂತ ಅನುಮಾನಪಡಬೇಕು.

ಬಾವು ಏರುವ ಮೊದಲೇ ಉಂಗುರ, ಬಳೆ, ವಾಚ್ ತೆಗೆಯಿರಿ. ಬೆರಳು ಹೇಗಿದೆಯೋ ಹಾಗೇ ಇರಲಿ, ಮಡಿಚಿದ ಪೇಪರ್ ಮತ್ತು ಮೆತ್ತನೆ ಬಟ್ಟೆ ಆಸರೆ ಕೊಟ್ಟು ಸಡಿಲವಾಗಿ ಕಟ್ಟಿ. ಐಸನ್ನು ಬಟ್ಟೆಯಲ್ಲಿ ಸುತ್ತಿ 15–20 ನಿಮಿಷ ಇಡಿ, ಕೈ ಎದೆಗಿಂತ ಮೇಲಿರಲಿ. ಎಣ್ಣೆ ಹಚ್ಚಿ ನೀವುವುದು, ಬಿಸಿ ಶಾಖ ಎರಡೂ ಬೇಡ. ಇಂಜೆಕ್ಷನ್ ಜೊತೆಗೆ ಮಂಪರಿನ ಔಷಧಿ ಕೊಡಬೇಕಾಗಬಹುದು, ಹಾಗಾಗಿ ಡಾಕ್ಟರು ನೋಡುವವರೆಗೆ ಏನೂ ತಿನ್ನಬೇಡಿ.

ಅದೇ ದಿನ ಮೂಳೆ ಡಾಕ್ಟರ ಹತ್ತಿರ ಹೋಗಿ ಎಕ್ಸ್-ರೇ ಮಾಡಿಸಿ. ಬೆರಳು ಬಿಳಚಿಕೊಂಡು ತಣ್ಣಗಾದರೆ, ಜೋಮು ಹಿಡಿದರೆ, ಗಾಯದೊಳಗೆ ಮೂಳೆ ಕಂಡರೆ ಒಂದು ನಿಮಿಷವೂ ಕಾಯಬೇಡಿ, ಸೀದಾ ಎಮರ್ಜೆನ್ಸಿಗೆ ಹೋಗಿ.

ಕೀಲು ತಾನಾಗಿಯೇ ಕೂತರೂ ತೋರಿಸಲೇಬೇಕು, ಯಾಕೆಂದರೆ ಪಕ್ಕದ ಲಿಗಮೆಂಟ್ (ಮೂಳೆಗಳನ್ನು ಜೋಡಿಸಿ ಹಿಡಿದಿಡುವ ಗಟ್ಟಿ ಪಟ್ಟಿ) ಹರಿದಿರುವುದು ಹೊರಗೆ ಕಾಣುವುದಿಲ್ಲ. ಕೂರಿಸಿದ ಮೇಲೂ ಒಂದು ಎಕ್ಸ್-ರೇ ತೆಗೆಯುತ್ತಾರೆ, ಸಾಮಾನ್ಯವಾಗಿ ಕೆಲವು ವಾರ ಸ್ಪ್ಲಿಂಟ್ (ಬೆರಳು ಅಲ್ಲಾಡದಂತೆ ಹಿಡಿಯುವ ಆಸರೆ ಪಟ್ಟಿ) ಹಾಕುತ್ತಾರೆ. ನೋವು ಹೋಯ್ತು ಅಂತ ನೀವೇ ಬಿಚ್ಚಬೇಡಿ. ಬಿಚ್ಚಿದ ಮೇಲೆ ಬೆರಳು ಬಿಗಿಯಾಗಿರುತ್ತದೆ, ಹೇಳಿಕೊಟ್ಟ ವ್ಯಾಯಾಮದಿಂದ ನಿಧಾನಕ್ಕೆ ಸಡಿಲವಾಗುತ್ತದೆ. ಆದರೆ ಬೀಗದ ಕೈ ತಿರುಗಿಸುವಾಗ, ಚಿಟಿಕೆ ಉಪ್ಪು ಹಿಡಿಯುವಾಗ ಹೆಬ್ಬೆರಳಿಗೆ ಬಲವೇ ಇಲ್ಲ ಅನ್ನಿಸಿದರೆ ಮತ್ತೆ ಹೋಗಿ ತೋರಿಸಿ.