ಸತ್ಯವೇದ ಬಿಚ್ಚಿ ಐದು ಪುಸ್ತಕ ಮಾಡಿದ ನನ್ನ ಅನುಭವ

ಎರಡು ಅನುವಾದ ಅಕ್ಕಪಕ್ಕ ಇಟ್ಟುಕೊಂಡು ಇಡೀ ಬೈಬಲ್ ಮುಗಿಸಿದೆ. 1189 ಅಧ್ಯಾಯ, ದಿನಕ್ಕೆ ಮೂರೋ ನಾಲ್ಕೋ. ಬೆಳಿಗ್ಗೆ ಅಪ್ಪನ ಕಾಲದ ಸತ್ಯವೇದ, ರಾತ್ರಿ ಅದೇ ಭಾಗ ಪರಿಶುದ್ಧ ಬೈಬಲ್‌ನಲ್ಲಿ. ನಮ್ಮ ದಾವಣಗೆರೆ ಚರ್ಚಿನ ಸಭೆಯಲ್ಲಿ ಇದನ್ನು ಮಾಡಿದವರು ಬೇರೆ ಯಾರೂ ಇಲ್ಲ, ಇದ್ದರೆ ಹೇಳಲಿ.

ಮೊದಲೆಲ್ಲ ಬೈಬಲ್‌ನ ಮೂರನೇ ಪುಸ್ತಕ ಯಾಜಕಕಾಂಡಕ್ಕೆ ಬರುವಷ್ಟರಲ್ಲಿ ಓದು ನಿಲ್ಲುತ್ತಿತ್ತು. ಚಿತ್ರದುರ್ಗದ ಬಸ್ಸಿನಲ್ಲಿ ಅಷ್ಟು ದಪ್ಪ ಪುಸ್ತಕ ಹಿಡಿದು ಓದುವುದು ಆಗದ ಮಾತು. ಭಾಗ ಮಾಡಿಸೋಣ ಅಂದರೆ, "ಸತ್ಯವೇದಕ್ಕೆ ಬ್ಲೇಡ್ ಹಾಕ್ತೀಯೇನೋ?" ಅಂತ ಹಿರಿಯರೊಬ್ಬರು ಬೈದರು.

ಆದರೂ ಬೈಂಡಿಂಗ್‌ಗೆ ಕೊಟ್ಟೆ. ಸುಮಾರು 600 ರೂಪಾಯಿ ಹೋಯಿತು. ಬೆನ್ನನ್ನೇ ಮಷಿನ್‌ಗೆ ಕೊಟ್ಟು ಕತ್ತರಿಸಿ ಅಂಟು ಬಳಿದಿದ್ದರು. ಕಾಗದ ಈರುಳ್ಳಿ ಸಿಪ್ಪೆಯಷ್ಟು ತೆಳು, ಅಂಟು ಎಲ್ಲಿ ಹಿಡಿಯಬೇಕು? ನಾಲ್ಕನೇ ಪುಸ್ತಕ ಅರಣ್ಯಕಾಂಡ ಹಾಳೆ ಹಾಳೆಯಾಗಿ ಉದುರಿತು. ಇನ್ನೊಂದು ಪ್ರತಿಗೆ ಸ್ಪೈರಲ್ ಹಾಕಿಸಿದೆ. ತೂತುಗಳು ಒಳಸಾಲಿನ ಅಕ್ಷರ ತಿಂದುಹಾಕಿದವು. ಅದಕ್ಕೂ ನೂರು ಚಿಲ್ಲರೆ ದಂಡ.

ಆಮೇಲೆ ನಾನೇ ಕೂತೆ. ಕತ್ತರಿಸಬಾರದು, ಬಿಚ್ಚಬೇಕು. ರಟ್ಟು ತೆಗೆದು ಬೆನ್ನಿನ ಒಣ ಅಂಟು ಕೆರೆದರೆ ಫಾರಂಗಳು, ಅಂದರೆ ಮಡಚಿ ಹೊಲಿದ ಹಾಳೆಗಳ ಕಟ್ಟುಗಳು, ಒಂದೊಂದಾಗಿ ಕಾಣುತ್ತವೆ. ಎರಡು ಫಾರಂ ನಡುವಿನ ದಾರ ಮಾತ್ರ ಕತ್ತರಿಸಿದೆ. ತಾಪತ್ರಯ ಏನಂದ್ರೆ, ಮೊದಲ ಭಾಗ ರೂತಳ ಪುಸ್ತಕಕ್ಕೆ ಮುಗಿಯಬೇಕು, ಆದರೆ ಫಾರಂ ಅಲ್ಲಿಗೆ ಮುಗಿಯುವುದಿಲ್ಲ. ಹಾಗಾಗಿ ಫಾರಂ ಲೆಕ್ಕದಲ್ಲೇ ಬಿಡಿಸಿ, ಮೊದಲ ಭಾಗದಲ್ಲಿ ಉಳಿದುಹೋದ, ರೂತಳ ನಂತರ ಬರುವ ಸಮುವೇಲನ ಪುಸ್ತಕದ ಪುಟಗಳನ್ನು ಜೆರಾಕ್ಸ್ ಮಾಡಿಸಿ ಎರಡನೆಯದಕ್ಕೆ ಸೇರಿಸಿದೆ. ಎಸ್ತೇರಳವರೆಗೆ ಎರಡು ಭಾಗ, ಪರಮಗೀತದವರೆಗೆ ಮೂರನೆಯದು, ಪ್ರವಾದಿಗಳು ನಾಲ್ಕನೆಯದು, ಹೊಸ ಒಡಂಬಡಿಕೆ ಐದನೆಯದು. ದಾರ, ಬಟ್ಟೆ, ರಟ್ಟು ಎಲ್ಲಾ ಸೇರಿ 150 ದಾಟಲಿಲ್ಲ. ಅಂಟಿಗೆ ಏನು ಬೆರೆಸುತ್ತೇನೆ ಅಂತ ಮಾತ್ರ ಕೇಳಬೇಡಿ.

ಗೆರೆ ಎಳೆಯಲು ಹೈಲೈಟರ್ ಬಳಸಿದರೆ ಹಿಂದಿನ ಪುಟಕ್ಕೆ ಇಳಿಯುತ್ತದೆ. ಮಕ್ಕಳ ಕ್ರೆಯಾನ್ ಇಳಿಯುವುದಿಲ್ಲ.

ಕ್ಯಾಥೊಲಿಕ್ ಗೆಳೆಯ ಕೊಟ್ಟ 73 ಪುಸ್ತಕದ ಬೈಬಲನ್ನೂ ನಡುವೆ ಸೇರಿಸಿಕೊಂಡೆ. ಮಲಾಕಿಯ ಮುಗಿಸಿ ಮಕ್ಕಬಿಯರ ಕಥೆ ಓದಿ, ಆಮೇಲೆ ಮತ್ತಾಯನಿಗೆ ಹೋದೆ. ಯೋಹಾನ 10ರಲ್ಲಿ ಬರುವ ದೇವಾಲಯ ಪ್ರತಿಷ್ಠೆಯ ಹಬ್ಬ ಶುರುವಾದದ್ದು ಹೇಗೆ ಅಂತ ನಮ್ಮ ಪ್ರೊಟೆಸ್ಟೆಂಟರ 66 ಪುಸ್ತಕದ ಬೈಬಲ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದು ಮಕ್ಕಬಿಯರ ಮೊದಲ ಪುಸ್ತಕದ 4ನೇ ಅಧ್ಯಾಯದಲ್ಲಿದೆ. ನಮ್ಮವರು ಅದನ್ನು ಸುಮ್ನೆ ದೂರ ಇಡುತ್ತಾರೆ.

ನನ್ನ ಇಂಗ್ಲಿಷ್ ಬೈಬಲ್, ಕಿಂಗ್ ಜೇಮ್ಸ್ ಅನುವಾದದ ಪ್ರತಿ ಮಾತ್ರ ಬಿಚ್ಚಲು ಆಗಲಿಲ್ಲ. ಒಳಗೆ ಹೊಲಿಗೆಯೇ ಇಲ್ಲ, ಬರೀ ಅಂಟು. ನೀವು ಕೊಳ್ಳುವಾಗ ಅಲ್ಲಲ್ಲಿ ಪುಟ ಅಗಲಿಸಿ ದಾರ ಕಾಣುತ್ತದಾ ನೋಡಿ. ಕಾಣದಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.