ಬೋಲ್ಟ್ ಬರಲಿಲ್ಲ ಅಂತ ಜೋರು ಹಾಕಬೇಡಿ, ಒಂದು ರಾತ್ರಿ ಎಣ್ಣೆಯಲ್ಲಿ ಬಿಡಿ

ಮಳೆಗಾಲ ಮುಗಿದು ಗಾಡಿ ಬಿಚ್ಚಿ ತೊಳೆಯುವ ಹೊತ್ತಿಗೆ ನಮ್ಮ ಓಣಿಯ ಹುಡುಗರು ಒಬ್ಬೊಬ್ಬರಾಗಿ ಬರುತ್ತಾರೆ. "ಕಾಕಾ, ಬೋಲ್ಟ್ ಬರವಲ್ದು ನೋಡ್ರಿ" ಅನ್ನುತ್ತಾರೆ. ಹೋಗಿ ನೋಡಿದರೆ ತಲೆ ಆಗಲೇ ದುಂಡಗಾಗಿರುತ್ತದೆ. ಇಕ್ಕಳ ಕಚ್ಚಿದ ಗುರುತು ಇರುತ್ತದೆ, ಸುತ್ತಿಗೆ ಬಿದ್ದ ಗುರುತು ಇರುತ್ತದೆ, ಎಣ್ಣೆ ಬಿಟ್ಟ ಗುರುತು ಮಾತ್ರ ಇರೋದಿಲ್ಲ. ನಾನು ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪ್‌ನಲ್ಲಿ ಫಿಟರ್ ಆಗಿ ದುಡಿದವನು. ಜಂಗು, ಅಂದರೆ ತುಕ್ಕು, ಹಿಡಿದ ಬೋಲ್ಟ್ ಬಿಚ್ಚೋದೇ ಅರ್ಧ ಕೆಲಸವಾಗಿತ್ತು. ಅಲ್ಲಿ ಕಲಿತದ್ದನ್ನೇ ಈಗ ಮನೆಯಲ್ಲಿ ಬೈಕು, ಸ್ಕೂಟರ್ ಬಿಚ್ಚುವವರಿಗೆ ಹೇಳುತ್ತಿದ್ದೇನೆ.

ಮೊದಲು ಬೋಲ್ಟ್ ಯಾಕೆ ಹಿಡಿದುಕೊಳ್ಳುತ್ತದೆ ಅಂತ ನೋಡಿ. ನವಲಗುಂದ, ನರಗುಂದ, ರೋಣದ ಕಡೆ ಹೊಲಕ್ಕೆ ಓಡಾಡುವ ಗಾಡಿಗಳ ಕೆಳಗೆ ಎರಿ ಮಣ್ಣು ಮೆತ್ತಿಕೊಂಡು ಕೂತಿರುತ್ತದೆ. ಅದು ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಹಿಡಿದಿಟ್ಟುಕೊಳ್ಳುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ದಿನಗಟ್ಟಲೆ ಹೊರಗೆ ನಿಂತ ಗಾಡಿಯ ಕಥೆಯೂ ಅದೇ. ಕಬ್ಬಿಣಕ್ಕೆ ಜಂಗು ಬಂದಾಗ ಅದು ಉಬ್ಬುತ್ತದೆ, ಥ್ರೆಡ್‌ನ, ಅಂದರೆ ಬೋಲ್ಟ್‌ನ ಸುರುಳಿ ಗೀರುಗಳ, ಸಂದಿಯಲ್ಲಿ ಉಬ್ಬಲು ಜಾಗ ಇಲ್ಲ, ಹಾಗಾಗಿ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಎಂಜಿನ್ ಬಾಡಿ ಅಲ್ಯೂಮಿನಿಯಂ, ಬೋಲ್ಟ್ ಸ್ಟೀಲು. ಎರಡು ಬೇರೆ ಲೋಹ ನೀರಿನ ಜೊತೆ ಸೇರಿದರೆ ಅಲ್ಯೂಮಿನಿಯಂ ತಿಂದುಹೋಗಿ ಬಿಳಿ ಪುಡಿ ಕಟ್ಟುತ್ತದೆ. ಆ ಬಿಳಿ ಪುಡಿ ಕಂಡರೆ ತಕ್ಷಣ ಕೈ ನಿಧಾನ ಮಾಡಿ, ಯಾಕೆಂದರೆ ಅಲ್ಲಿ ಬೋಲ್ಟ್‌ಗಿಂತ ಮೊದಲು ಬಾಡಿಯ ಥ್ರೆಡ್ಡೇ ಕಿತ್ತು ಬರಬಹುದು.

ಇನ್ನೊಂದು ಮಾತು, ತೀರಾ ಸಣ್ಣದು ಅನ್ನಿಸಬಹುದು. ನೀವು ಬಿಚ್ಚುವ ದಿಕ್ಕಿಗೇ ತಿರುಗಿಸುತ್ತಿದ್ದೀರಾ ಅಂತ ಖಾತ್ರಿ ಮಾಡಿಕೊಳ್ಳಿ. ಗಾಡಿಯ ಕೆಳಗೆ ಕೈ ಹಾಕಿ ಮೇಲಿನಿಂದ ಬಗ್ಗಿ ನೋಡುವಾಗ ಎಡಬಲ ಅದಲು ಬದಲಾಗುತ್ತದೆ, ಆಯಿಲ್ ಡ್ರೈನ್ ಬೋಲ್ಟ್ ಎಷ್ಟೋ ಸಲ ಹೀಗೇ ಹಾಳಾಗುತ್ತದೆ, ಬಿಚ್ಚುತ್ತಿದ್ದೇವೆ ಅಂದುಕೊಂಡು ಬಿಗಿ ಮಾಡಿರುತ್ತಾರೆ. ಬೋಲ್ಟ್‌ನ ತಲೆಗೆ ಎದುರು ಮುಖ ಮಾಡಿ ನಿಂತಂತೆ ಅಂದುಕೊಳ್ಳಿ, ಗಡಿಯಾರದ ಮುಳ್ಳಿಗೆ ಉಲ್ಟಾ ತಿರುಗಿದರೆ ಬಿಚ್ಚುತ್ತದೆ. ಕೆಲವು ಕಡೆ ಉಲ್ಟಾ ಥ್ರೆಡ್ ಇರುತ್ತದೆ. ಸೈಕಲ್ಲಿನ ಎಡಗಡೆ ಪೆಡಲ್ ಹಾಗೆ, ಕೆಲವು ಬೈಕುಗಳ ಬಲಗಡೆ ಕನ್ನಡಿಯೂ ಹಾಗೆ.

ಇನ್ನು ಪಾನಾ ವಿಷಯ. ಬೋಲ್ಟ್‌ನ ತಲೆ ಸವೆಯೋದು ಹೆಚ್ಚಾಗಿ ಜಂಗಿನಿಂದಲ್ಲ, ಸಡಿಲ ಪಾನಾದಿಂದ. ಫಿಕ್ಸ್ ಪಾನಾ ಎರಡೇ ಮುಖ ಹಿಡಿಯುತ್ತದೆ, ಅದರ ಬಾಯಿ ಸ್ವಲ್ಪ ಅಗಲವಾಗಿದ್ದರೂ ಮೂಲೆ ತಿಂದುಬಿಡುತ್ತದೆ. ಗಟ್ಟಿ ಕೂತ ಬೋಲ್ಟ್‌ಗೆ ಆರು ಮೂಲೆಯ ಸಾಕೆಟ್ಟೇ ಬೇಕು. ಹನ್ನೆರಡು ಮೂಲೆಯ ರಿಂಗ್ ಪಾನಾ ಹಾಕಲು ಸಲೀಸು ನಿಜ, ಆದರೆ ಸ್ವಲ್ಪ ಸವೆದ ತಲೆಯ ಮೇಲೆ ಜಾರುತ್ತದೆ. ಸಾಕೆಟ್ ಹಾಕುವ ಮುಂಚೆ ತಲೆಯ ಸುತ್ತ ಇರುವ ಮಣ್ಣು, ಪೇಂಟು ತೆಗೆಯಿರಿ, ಇಲ್ಲದಿದ್ದರೆ ಸಾಕೆಟ್ ಪೂರ್ತಿ ಇಳಿಯೋದಿಲ್ಲ. ತಲೆಯಲ್ಲಿ ಆರು ಮೂಲೆಯ ಗುಳಿ ಇರುವ ಅಲನ್ ಬೋಲ್ಟ್ ಆದರೆ ಒಳಗಿನ ಕೆಸರನ್ನು ಸೂಜಿಯಿಂದ ಕೆದರಿ ತೆಗೆಯಿರಿ. ಪ್ಲಸ್ ಸ್ಕ್ರೂಗಳಲ್ಲಿ ಒಂದು ತೊಡಕಿದೆ. ಜಪಾನ್ ಮೂಲದ ಬೈಕುಗಳಲ್ಲಿ ಹಲವು ಪ್ಲಸ್ ಸ್ಕ್ರೂಗಳು ಜೆಐಎಸ್ ಅನ್ನುವ ಜಪಾನಿ ಅಳತೆಯವು, ನಮ್ಮ ಮನೆಯಲ್ಲಿರುವ ಮಾಮೂಲಿ ಫಿಲಿಪ್ಸ್ ಸ್ಕ್ರೂ ಡ್ರೈವರ್ ಅದರಲ್ಲಿ ಪೂರ್ತಿ ಕೂರೋದಿಲ್ಲ, ಜೋರು ಹಾಕಿದರೆ ಮೇಲೆದ್ದು ಸ್ಕ್ರೂವಿನ ಗೀರಿನ ಅಂಚು ಕಿತ್ತುಬಿಡುತ್ತದೆ. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಸ್ಕ್ರೂ ಹಾಳಾಗೋದು ಹೆಚ್ಚಾಗಿ ಹೀಗೆ. ಸುತ್ತಿಗೆಯಿಂದ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್ ಒಂದು ತಂದಿಟ್ಟುಕೊಳ್ಳಿ, ಹೊಡೆದಾಗ ಅದು ಸ್ಕ್ರೂವನ್ನು ಒಳಗೆ ಒತ್ತುತ್ತಲೇ ತಿರುಗಿಸುತ್ತದೆ. ಎಂಜಿನ್ ಪಕ್ಕದ ಕವರ್‌ನ ಹಳೇ ಸ್ಕ್ರೂಗಳಿಗೆ ಅದರಷ್ಟು ಒಳ್ಳೆಯ ಹತ್ಯಾರ ಇನ್ನೊಂದಿಲ್ಲ. ಆದರೆ ಬ್ರೇಕ್ ಆಯಿಲ್ ಡಬ್ಬಿಯಂಥ ನಾಜೂಕು ಜಾಗದಲ್ಲಿ ಅದನ್ನು ಹೊಡೆಯಬೇಡಿ. ಅಲ್ಲಿ ಸ್ಕ್ರೂ ಡ್ರೈವರ್ ತುದಿಗೆ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಸ್ವಲ್ಪ ಹಚ್ಚಿ ಒತ್ತಿ ತಿರುಗಿಸಿ. ಅದರಲ್ಲಿರುವ ಹರಳು ಸ್ಕ್ರೂವನ್ನು ಕಚ್ಚಿ ಹಿಡಿಯುತ್ತದೆ. ಮುಚ್ಚಳ ತೆಗೆಯುವ ಮುಂಚೆ ಆ ಪೇಸ್ಟ್ ಪೂರ್ತಿ ಒರೆಸಿರಬೇಕು, ಡಬ್ಬಿಯೊಳಗೆ ಒಂದು ಕಣವೂ ಬೀಳಬಾರದು.

ಈಗ ಎಣ್ಣೆ. ಇದನ್ನೇ ಯಾರೂ ಮನಸ್ಸಿಟ್ಟು ಮಾಡೋದಿಲ್ಲ. ಸ್ಪ್ರೇ ಹೊಡೆದು ಎರಡು ನಿಮಿಷಕ್ಕೆ ಪಾನಾ ಹಾಕಿ "ಏನೂ ಉಪಯೋಗ ಇಲ್ಲ" ಅನ್ನುತ್ತಾರೆ. ಎಣ್ಣೆ ಆ ಸಣ್ಣ ಸಂದಿಯೊಳಗೆ ಇಳಿಯಲು ಹೊತ್ತು ಬೇಕಲ್ವಾ? ತಂತಿ ಬ್ರಷ್‌ನಿಂದ ಜಂಗು ಉಜ್ಜಿ, ಎಣ್ಣೆ ಬಿಡಿ, ಸಣ್ಣ ಸುತ್ತಿಗೆಯಿಂದ ಬೋಲ್ಟ್‌ನ ತಲೆಗೆ ನೇರವಾಗಿ ಟಕ್ ಟಕ್ ಅಂತ ತಟ್ಟಿ, ಮತ್ತೆ ಎಣ್ಣೆ ಬಿಡಿ. ಆ ನಡುಕಕ್ಕೆ ಜಂಗಿನ ಪದರ ಬಿರುಕು ಬಿಡುತ್ತದೆ, ಆ ಬಿರುಕಿನಲ್ಲಿ ಎಣ್ಣೆ ಇಳಿಯುತ್ತದೆ. ಸಂಜೆ ಹೀಗೆ ಮಾಡಿ ರಾತ್ರಿಯೆಲ್ಲಾ ಬಿಟ್ಟು ಬೆಳಿಗ್ಗೆ ಪಾನಾ ಹಾಕಿ. ಡಬ್ಲ್ಯೂಡಿ-40 ಇದ್ದರೆ ಸರಿ, ಜಂಗು ಬಿಡಿಸಲೆಂದೇ ಬರುವ ಪೆನೆಟ್ರೇಟಿಂಗ್ ಆಯಿಲ್ ಸಿಕ್ಕರೆ ಇನ್ನೂ ಒಳ್ಳೆಯದು. ಎರಡೂ ಇಲ್ಲದಿದ್ದರೆ ಡೀಸೆಲ್ ಅಥವಾ ಚಿಮಣಿ ಎಣ್ಣೆಯೂ (ಸೀಮೆಎಣ್ಣೆ) ಕೆಲಸ ಮಾಡುತ್ತದೆ, ನಿಧಾನ ಅಷ್ಟೇ. ಬ್ರೇಕ್ ಡಿಸ್ಕ್, ಪ್ಯಾಡ್, ಲೈನರ್ ಹತ್ತಿರ ಎಣ್ಣೆ ಬಿಡುವಾಗ ಬಟ್ಟೆ ಮುಚ್ಚಿ. ಅಲ್ಲಿ ಎಣ್ಣೆ ಹತ್ತಿದರೆ ಬ್ರೇಕ್ ಹಿಡಿಯೋದಿಲ್ಲ.

ಬೆಳಿಗ್ಗೆ ತಿರುಗಿಸುವಾಗ ಮೊದಲು ಒಂದಿಷ್ಟು ಬಿಗಿ ಮಾಡುವ ಕಡೆಗೇ ಒತ್ತಿ. ಹೌದು, ಬಿಗಿ ಮಾಡುವ ಕಡೆಗೆ, ಕೂದಲೆಳೆಯಷ್ಟು. ಜಂಗು ಮುರಿಯಲು ಆ ಅಲುಗಾಟ ಸಾಕು. ಆಮೇಲೆ ಬಿಚ್ಚುವ ಕಡೆಗೆ ತಿರುಗಿಸಿ. ಅರ್ಧ ಸುತ್ತು ಬಂತು ಅಂತ ಖುಷಿಯಲ್ಲಿ ಒಂದೇ ಸಮನೆ ತಿರುಗಿಸಬೇಡಿ, ಕಾಲು ಸುತ್ತು ವಾಪಸ್ ತಿರುಗಿಸಿ, ಎಣ್ಣೆ ಬಿಡಿ, ಮತ್ತೆ ಅರ್ಧ ಸುತ್ತು. ಹೀಗೆ ಹಿಂದೆ ಮುಂದೆ ಮಾಡುತ್ತಾ ತೆಗೆಯಿರಿ. ತಿರುಗಿಸುವಾಗ ಬೋಲ್ಟ್ ಮೆತ್ತಗೆ ರಬ್ಬರಿನಂತೆ ತಿರುಚಿಕೊಂಡು ಬರುತ್ತಿದೆ ಅನ್ನಿಸಿದರೆ ಅಲ್ಲೇ ನಿಲ್ಲಿಸಿ. ಅದು ಬಿಚ್ಚುತ್ತಿಲ್ಲ, ಮುರಿಯಲು ತಯಾರಾಗಿದೆ. ಪಾನಾಕ್ಕೆ ಪೈಪ್ ಸೇರಿಸಿ ಉದ್ದ ಮಾಡುವ ಅಭ್ಯಾಸ 6 ಮಿಲಿಮೀಟರ್ ಬೋಲ್ಟ್‌ಗಳಿಗೆ ಬೇಡವೇ ಬೇಡ. ಅಂಥ ಬೋಲ್ಟ್ ಬಿಗಿ ಮಾಡಲು ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಸಾಕು, ಅಂದರೆ 10 ಸೆಂಟಿಮೀಟರ್ ಉದ್ದದ ಪಾನಾದ ತುದಿಗೆ ಸುಮಾರು 10 ಕೆಜಿ ಒತ್ತಿದಷ್ಟು. ಪೈಪ್ ಹಾಕಿದರೆ ಎಷ್ಟು ಜೋರು ಬೀಳುತ್ತದೆ ಅಂತ ನೀವೇ ಲೆಕ್ಕ ಹಾಕಿ.

ಎಣ್ಣೆಗೂ ಬರದಿದ್ದರೆ ಕಾವು. ಒಂದೇ ಕಾವಿಗೆ ಅಲ್ಯೂಮಿನಿಯಂ ಸ್ಟೀಲಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಬಾಡಿ ಬಿಸಿಯಾದರೆ ತೂತು ಸಡಿಲವಾಗುತ್ತದೆ. ಡ್ರೈನ್ ಬೋಲ್ಟ್ ಆದರೆ ಗಾಡಿಯನ್ನು ಐದು ನಿಮಿಷ ಚಾಲೂ ಇಟ್ಟು, ಬಂದ್ ಮಾಡಿ ಬಿಚ್ಚಿದರೂ ಎಷ್ಟೋ ಸಲ ಬರುತ್ತದೆ, ಬಿಸಿ ಆಯಿಲ್ ಕೈ ಮೇಲೆ ಬೀಳದಂತೆ ನೋಡಿಕೊಳ್ಳಿ. ಉಳಿದ ಕಡೆ ಹೀಟ್ ಗನ್ ಸಾಕು. ಕಬ್ಬಿಣದ ನಟ್ಟು ಕಬ್ಬಿಣದ ಬೋಲ್ಟ್‌ನ ಮೇಲೆ ಕೂತಿದ್ದರೆ ನಟ್ಟನ್ನು ಮಾತ್ರ ಕಾಯಿಸಿ. ಕಾದಾಗ ಮೇಣದಬತ್ತಿ ತಾಗಿಸಿದರೆ ಕರಗಿದ ಮೇಣ ಥ್ರೆಡ್ ಒಳಗೆ ಹೀರಿಕೊಂಡು ಹೋಗುತ್ತದೆ, ಆಮೇಲೆ ಪಾನಾ ಹಾಕಿ. ಆದರೆ ಬೆಂಕಿಯ ವಿಷಯದಲ್ಲಿ ನಾನು ಕಡ್ಡಿ ಮುರಿದಂತೆ ಹೇಳುತ್ತೇನೆ, ಪೆಟ್ರೋಲ್ ಟ್ಯಾಂಕ್, ಕಾರ್ಬುರೇಟರ್, ಪೆಟ್ರೋಲ್ ಪೈಪ್ ಹತ್ತಿರ ಬೆಂಕಿ ಹಚ್ಚಲೇ ಬೇಡಿ. ಎಣ್ಣೆ ಸ್ಪ್ರೇ ಹೊಡೆದ ಜಾಗಕ್ಕೂ ತಕ್ಷಣ ಬೆಂಕಿ ತೋರಿಸಬೇಡಿ. ಶಾಕ್ ಅಬ್ಸಾರ್ಬರ್ ಕಾಯಿಸಬೇಡಿ, ಅದು ಒಳಗೆ ಒತ್ತಡ ಕಟ್ಟಿ ಸಿಡಿಯಬಹುದು. ಅಲ್ಯೂಮಿನಿಯಂ ಕಬ್ಬಿಣದ ಹಾಗೆ ಕೆಂಪಾಗಿ ಎಚ್ಚರ ಕೊಡೋದಿಲ್ಲ, 660 ಡಿಗ್ರಿಗೆ ಸುಮ್ನೆ ಕರಗಿ ಕುಸಿಯುತ್ತದೆ.

ತಲೆ ಪೂರ್ತಿ ದುಂಡಗಾದರೆ ಒಂದು ಸಲೀಸು ದಾರಿ ಇದೆ. ಒಂದು ಅಳತೆ ಸಣ್ಣ ಸಾಕೆಟ್ ಅನ್ನು ಸುತ್ತಿಗೆಯಿಂದ ಹೊಡೆದು ಕೂರಿಸಿ. ಹಳೇ ಟ್ರ್ಯಾಕ್ಟರ್ ಇದ್ದವರ ಮನೆಯಲ್ಲಿ ಇಂಚಿನ ಸಾಕೆಟ್ ಇರುತ್ತವೆ, ಅರ್ಧ ಇಂಚು ಅಂದರೆ 12.7 ಮಿಲಿಮೀಟರ್, ಸವೆದ 13ರ ತಲೆಯ ಮೇಲೆ ಅದು ಬಿಗಿಯಾಗಿ ಕೂರುತ್ತದೆ. ಅದೂ ಆಗದಿದ್ದರೆ ಅರದಿಂದ ಎದುರುಬದುರು ಎರಡು ಮುಖ ಚಪ್ಪಟೆ ಮಾಡಿ ಗ್ರಿಪ್ ಪ್ಲೈಯರ್ ಹಾಕಿ. ಮಾಮೂಲಿ ಇಕ್ಕಳ ಬೇಡ, ಅದು ಜಾರಿ ಇದ್ದದ್ದನ್ನೂ ತಿನ್ನುತ್ತದೆ. ಅಲನ್ ಬೋಲ್ಟ್‌ನ ಒಳಗು ಸವೆದಿದ್ದರೆ ಸ್ವಲ್ಪ ದೊಡ್ಡ ಟಾರ್ಕ್ಸ್ (ನಕ್ಷತ್ರದಾಕಾರದ) ಬಿಟ್ ಹೊಡೆದು ಕೂರಿಸಿ. ತಲೆ ದಪ್ಪಗಿದ್ದರೆ ಹ್ಯಾಕ್ಸಾದಿಂದ ಗೀರು ಕೊಯ್ದು ಅಗಲ ಸ್ಕ್ರೂ ಡ್ರೈವರ್ ಹಾಕಬಹುದು.

ಮುರಿದೇ ಹೋಗಿದ್ದರೆ? ಮುರಿದ ತುಂಡು ಹೊರಗೆ ಚಾಚಿದ್ದರೆ ಅದು ನಿಮ್ಮ ಪುಣ್ಯ. ಎಣ್ಣೆ ಬಿಟ್ಟು ಗ್ರಿಪ್ ಪ್ಲೈಯರ್ ಹಾಕಿ, ಇಲ್ಲವೇ ಥ್ರೆಡ್ ಚೆನ್ನಾಗಿದ್ದರೆ ಎರಡು ನಟ್ಟು ಏರಿಸಿ ಒಂದಕ್ಕೊಂದು ಬಿಗಿ ಮಾಡಿ ಕೆಳಗಿನ ನಟ್ಟಿನಿಂದ ಬಿಚ್ಚಿ. ಸೈಲೆನ್ಸರ್ ಸ್ಟಡ್ (ತಲೆಯಿಲ್ಲದ ಬೋಲ್ಟ್) ಮುರಿದರೆ ವೆಲ್ಡಿಂಗ್‌ನವರ ಹತ್ತಿರ ಹೋಗಿ ಅದರ ಮೇಲೊಂದು ನಟ್ಟು ಬೆಸೆಸಿ, ವೆಲ್ಡಿಂಗ್ ಕಾವಿಗೇ ಜಂಗು ಸಡಿಲಾಗುತ್ತದೆ, ನಟ್ಟಿಗೆ ಪಾನಾ ಹಾಕಿದರೆ ಬರುತ್ತದೆ. ಬೆಸೆಯುವ ಮುಂಚೆ ಬ್ಯಾಟರಿ ವೈರ್ ಬಿಚ್ಚಿಸಿ, ಇಸಿಯು, ಅಂದರೆ ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್, ಇರುವ ಈಗಿನ ಬಿಎಸ್6 ಗಾಡಿಗಳಲ್ಲಂತೂ ಮರೆಯಬೇಡಿ.

ಒಳಗೆ ಮುರಿದರೆ ಡ್ರಿಲ್ ಕೆಲಸ. ಇಲ್ಲಿ ನಡು ಹಿಡಿಯೋದೇ ಎಲ್ಲಾ. ಸೆಂಟರ್ ಪಂಚ್‌ನಿಂದ ಸರಿಯಾಗಿ ನಡುವೆ ಗುಳಿ ಮಾಡಿ, 3 ಮಿಲಿಮೀಟರ್ ಬಿಟ್‌ನಿಂದ ಶುರು ಮಾಡಿ, ನಿಧಾನದ ವೇಗ, ಎಣ್ಣೆ ಬಿಡುತ್ತಾ ಇರಿ, ಕಣ್ಣಿಗೆ ಕನ್ನಡಕ ಹಾಕಿ. ನಡು ತಪ್ಪಿದರೆ ಬಿಟ್ ಮೆತ್ತನೆಯ ಅಲ್ಯೂಮಿನಿಯಂ ಕಡೆ ಜಾರಿ ಬಾಡಿ ತಿನ್ನುತ್ತದೆ. ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಸಿಕ್ಕರೆ ತೆಗೆದುಕೊಳ್ಳಿ, ಕೊರೆಯುತ್ತಲೇ ಎಷ್ಟೋ ಸಲ ತುಂಡನ್ನು ಹೊರಗೆ ತರುತ್ತದೆ. ಮುರಿದ ತುಂಡಿನ ತೂತಿನಲ್ಲಿ ಉಲ್ಟಾ ತಿರುಗಿ ಕಚ್ಚಿ ಹೊರಗೆ ತೆಗೆಯುವ ಬೋಲ್ಟ್ ಎಕ್ಸ್‌ಟ್ರಾಕ್ಟರ್ ಅಂತ ಮಾರುತ್ತಾರಲ್ಲ, ಅದರ ಬಗ್ಗೆ ಎಚ್ಚರ. ಅದು ಗಟ್ಟಿ, ಆದರೆ ಪೆಡಸು. ಒಳಗೆ ಮುರಿದರೆ ಮಾಮೂಲಿ ಡ್ರಿಲ್ ಅದನ್ನು ಕೊರೆಯೋದೇ ಇಲ್ಲ. ಎಂ6, ಅಂದರೆ 6 ಮಿಲಿಮೀಟರ್ ಬೋಲ್ಟ್‌ನ ತುಂಡಿನಲ್ಲಿ ತೆಳ್ಳನೆಯ ಎಕ್ಸ್‌ಟ್ರಾಕ್ಟರ್ ಹಾಕಿ ಜೋರು ಹಾಕುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಅಲ್ಲಿಗೆ ಕೈ ಬಿಟ್ಟು ಹುಬ್ಬಳ್ಳಿಯ ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟ್ ಕಡೆ ಲೇತ್ ಕೆಲಸ ಮಾಡುವವರ ಹತ್ತಿರ ಒಯ್ಯಿರಿ. ಎಕ್ಸ್‌ಟ್ರಾಕ್ಟರ್ ಮುರಿಯುವ ಮುಂಚೆ ಹೋದರೆ ಕೆಲಸ ಸಣ್ಣದು, ಖರ್ಚೂ ಸಣ್ಣದು. ಥ್ರೆಡ್ ಹೋಗಿದ್ದರೆ ಹೆಲಿಕಾಯಿಲ್ (ತೂತಿನೊಳಗೆ ಹೊಸ ಥ್ರೆಡ್ ಆಗುವ ಸ್ಟೀಲ್ ತಂತಿ ಸುರುಳಿ) ಹಾಕಿಸಿ, ಅಲ್ಯೂಮಿನಿಯಂನಲ್ಲಿ ಅದು ಮೊದಲಿನ ಥ್ರೆಡ್‌ಗಿಂತ ಗಟ್ಟಿ. ಬ್ರೇಕ್ ಕ್ಯಾಲಿಪರ್, ಹ್ಯಾಂಡಲ್, ಚಕ್ರದ ಆಕ್ಸಲ್ ಇವುಗಳ ಮುರಿದ ಬೋಲ್ಟ್ ಮನೆಯಲ್ಲಿ ರಿಪೇರಿ ಮಾಡಬೇಡಿ. ಅದರ ಮೇಲೆ ಮನೆಯವರು, ಮಕ್ಕಳು ಕೂತು ಹೋಗುತ್ತಾರೆ.

ಹೊಸ ಬೋಲ್ಟ್ ತರುವಾಗ ಹಳೆಯದನ್ನು ಜೇಬಿನಲ್ಲಿ ಒಯ್ಯಿರಿ. ಉದ್ದ ಒಂದೇ ಇರಬೇಕು, ಥ್ರೆಡ್‌ನ ಅಂತರವೂ ಒಂದೇ ಇರಬೇಕು. ತಲೆಯ ಮೇಲೆ 8.8 ಅಂತ ಬೋಲ್ಟ್‌ನ ಗಟ್ಟಿತನದ ಗುರುತು ಒತ್ತಿದ್ದರೆ ಅದೇ ಕೇಳಿ, ಗೇಟಿಗೆ ಹಾಕುವ ಮೆತ್ತನೆ ಬೋಲ್ಟ್ ಗಾಡಿಗೆ ಬೇಡ. ಹಾಕುವ ಮುಂಚೆ ತೂತಿನೊಳಗಿನ ಕಸ, ಎಣ್ಣೆ ಪೂರ್ತಿ ತೆಗೆಯಿರಿ, ತಳ ಮುಚ್ಚಿದ ತೂತಿನಲ್ಲಿ ಎಣ್ಣೆ ನಿಂತಿದ್ದರೆ ಬೋಲ್ಟ್ ಬಿಗಿಯುವಾಗ ಬಾಡಿ ಸೀಳುವುದೂ ಉಂಟು. ಮೊದಲ ನಾಲ್ಕೈದು ಸುತ್ತು ಬೆರಳಿನಿಂದಲೇ ತಿರುಗಿಸಿ. ಬೆರಳಿಗೆ ತಿರುಗದಿದ್ದರೆ ಓರೆ ಹಿಡಿದಿದೆ ಅಂತ ಅರ್ಥ, ಬಿಚ್ಚಿ ಮತ್ತೆ ಹಾಕಿ. ಸೈಲೆನ್ಸರ್ ಬೋಲ್ಟ್, ಮಡ್‌ಗಾರ್ಡ್ ಬೋಲ್ಟ್‌ಗಳ ಥ್ರೆಡ್‌ಗೆ ತಾಮ್ರದ ಗ್ರೀಸ್ ತೆಳ್ಳಗೆ ಹಚ್ಚಿ. ಗ್ರೀಸ್ ಹಚ್ಚಿದ ಬೋಲ್ಟ್ ಜಾಸ್ತಿ ಸಲೀಸಾಗಿ ತಿರುಗುತ್ತದೆ, ಅದಕ್ಕೆ ಎಂದಿಗಿಂತ ಸ್ವಲ್ಪ ಕಡಿಮೆಯೇ ಬಿಗಿ ಮಾಡಿ. ಒಂದೆರಡು ದಿನ ಗಾಡಿ ಓಡಿಸಿದ ಮೇಲೆ ಎಂಜಿನ್ ತಣ್ಣಗಿರುವಾಗ ಅದೇ ಬೋಲ್ಟ್‌ಗೆ ಇನ್ನೊಮ್ಮೆ ಪಾನಾ ಹಾಕಿ ಸಡಿಲಾಗಿಲ್ಲ ಅಂತ ನೋಡಿಕೊಳ್ಳಿ.